ಹೊರಗಿನ ನಾದವನ್ನು ಗಣಕಯಂತ್ರಕ್ಕೆ ತುಂಬಿಕೊಳ್ಳುವ ಬಗೆ

ಮುಂಬಯಿಯ ಕನ್ನಡ ಮನೆಗಳಲ್ಲಿ ಅಟ್ಟದ ಮೇಲೋ ಕಪಾಟಿನ ಮೂಲೆಯಲ್ಲೋ ಹಳೆಯ ಕ್ಯಾಸೆಟ್ಟುಗಳು ಬಿದ್ದಿರುವುದುಂಟು. ಅಂಗಡಿಯಿಂದ ಕೊಂಡು ತಂದವುಗಳ ಚಿಂತೆ ಬೇಡ. ಆ ಹಾಡುಗಳು ಬೇರೆಡೆಯೂ ದೊರೆತಾವು. ಆದರೆ ಊರಿನ ಮದುವೆಯಲ್ಲಿ ಅಜ್ಜಿ ಹಾಡಿದ ಸೋಬಾನೆಯನ್ನೋ, ತೊಟ್ಟಿಲ ಹಾಡನ್ನೋ, ಬೀಸುವ ಕಲ್ಲಿನ ಹಾಡನ್ನೋ ಮನೆಯವರೇ ಮುದ್ರಿಸಿಟ್ಟಿದ್ದರೆ ಲೋಕದಲ್ಲಿ ಅದರ ಪ್ರತಿ ಅದೊಂದೇ. ಹಾಡಿದವರು ಇಂದು ನಮ್ಮೊಡನೆ ಇಲ್ಲದಿರಬಹುದು. ಕ್ಯಾಸೆಟ್ಟು 1963ರಲ್ಲಿ ಬಳಕೆಗೆ ಬಂದ ವಸ್ತು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿದಿಟ್ಟ ಕಾಂತೀಯ ಪುಡಿಯೇ ಅದರ ಜೀವಾಳ. ಕಾಲ ಕಳೆದಂತೆ ಅಂಟು ಸಡಿಲಗೊಂಡು ಪುಡಿ ಉದುರುವುದುಂಟು. ಈ ನಗರದ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುವುದೂ ಉಂಟು. ಆ ನಾದವನ್ನು ಗಣಕಯಂತ್ರಕ್ಕೆ ಸಾಗಿಸುವ ವಿದ್ಯೆಯನ್ನು ವಿದ್ಯಾರ್ಥಿಗಳು ಈಗಲೇ ಕಲಿಯುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಮನೆಯಲ್ಲಿ ನಿಮ್ಮದೇ ಹಾಡನ್ನು ಮುದ್ರಿಸಿಕೊಳ್ಳುವುದಕ್ಕೂ ಇದೇ ವಿದ್ಯೆ ಸಾಕು.

ಅನೇಕರು ಮಾಡುವ ಕೆಲಸವೊಂದುಂಟು: ಟೇಪ್‌ರೆಕಾರ್ಡರನ್ನು ಗಟ್ಟಿಯಾಗಿ ಹಚ್ಚಿ ಅದರ ಮುಂದೆ ಮೊಬೈಲನ್ನು ಹಿಡಿಯುವುದು. ಸುಲಭವೇನೋ ಅಹುದು. ಆದರೆ ಆಗ ಹಾಡಿನೊಡನೆ ಫ್ಯಾನಿನ ಸದ್ದು, ಕುಕ್ಕರಿನ ಸಿಳ್ಳು, ಲೋಕಲ್ ಗಾಡಿಯ ಗಡಗಡ ಎಲ್ಲವೂ ಮುದ್ರಿತವಾಗುತ್ತವೆ. ತಂತಿಯ ಮೂಲಕ ನೇರವಾಗಿ ಬರಬಹುದಾದ ನಾದವನ್ನು ಗಾಳಿಗೆ ಬಿಟ್ಟು ಪುನಃ ಹಿಡಿಯುವುದೆಂದರೆ, ಕೊಡದ ನೀರನ್ನು ನೆಲಕ್ಕೆ ಚೆಲ್ಲಿ ಬಟ್ಟೆಯಿಂದ ಹಿಂಡಿಕೊಂಡಂತೆ.

ಧ್ವನಿಯೆಂದರೆ ಗಾಳಿಯ ಕಂಪನ. ವಿದ್ಯುತ್ತಿನ ಸಹಾಯವಿಲ್ಲದೆಯೇ ಅದನ್ನು ಮುದ್ರಿಸಿದ ಕಾಲವೂ ಇತ್ತು. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬವನು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡನು. ಗಾಯಕರು ದೊಡ್ಡದೊಂದು ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ಆ ಕಂಪನದ ಬಲವೊಂದರಿಂದಲೇ ಸೂಜಿಯು ಮೇಣದ ಮೇಲೆ ಗೆರೆ ಕೊರೆಯಬೇಕು. (ಆ ಮಹಾಗಾಯಕಿಯು ತಮ್ಮ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರೆಂಬುದನ್ನು ಕನ್ನಡದ ಮಕ್ಕಳು ತಿಳಿದಿರಬೇಕು.) 1925ರ ಸುಮಾರಿಗೆ ಮುದ್ರಣದಲ್ಲಿ ಮೈಕು ಬಳಕೆಗೆ ಬಂದ ಮೇಲೆಯೇ ಮೆಲುದನಿಗೂ ಸ್ಥಾನ ದೊರೆಯಿತು.

ಮೈಕಿನೊಳಗೆ ತೆಳುವಾದ ಪೊರೆಯೊಂದುಂಟು. ಕಂಪನವು ತಗುಲಿದಾಗ ಪೊರೆ ನಡುಗುತ್ತದೆ. ಅದಕ್ಕೆ ಅಂಟಿದ ತಂತಿಯ ಸುರುಳಿ ಅಯಸ್ಕಾಂತದ ನಡುವೆ ಅಲುಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅದು ವೋಲ್ಟಿನ ಸಾವಿರದಲ್ಲಿ ಒಂದೆರಡು ಪಾಲಿನಷ್ಟು ಮಾತ್ರ. ಟೇಪ್‌ರೆಕಾರ್ಡರಿನ 'ಲೈನ್ ಔಟ್' ರಂಧ್ರದಿಂದ ಹೊರಬರುವುದಾದರೋ ವೋಲ್ಟಿನ ಸುಮಾರು ಮೂರನೆಯ ಒಂದು ಪಾಲು, ಎಂದರೆ ನೂರಾರು ಪಟ್ಟು ಹೆಚ್ಚು. ಈ ಅಂತರವನ್ನು ತಿಳಿಯದವರೇ ಹೆಚ್ಚಾಗಿ ಕೆಡುತ್ತಾರೆ. ಮೇಜಿನ ಮೇಲಿಡುವ ಗಣಕಯಂತ್ರದ ಬೆನ್ನಿನಲ್ಲಿ ಸಾಮಾನ್ಯವಾಗಿ ಮೂರು ಬಣ್ಣದ ರಂಧ್ರಗಳಿರುತ್ತವೆ: ಗುಲಾಬಿ ಬಣ್ಣದ್ದು ಮೈಕಿಗೆ, ನೀಲಿಯದು ಲೈನಿಗೆ, ಹಸುರಿನದು ಹೊರಗೆ ಕೇಳಿಸುವುದಕ್ಕೆ. ಗುಲಾಬಿ ರಂಧ್ರವು ಬಂದುದನ್ನು ಬಹುವಾಗಿ ಹಿಗ್ಗಿಸಿಕೊಳ್ಳುತ್ತದೆಯಾದ ಕಾರಣ ಟೇಪನ್ನು ಅದಕ್ಕೆ ಜೋಡಿಸಿದರೆ ಹಾಡು ಒಡೆದು ಗೊರಗೊರ ಎನ್ನುವುದು. ಲ್ಯಾಪ್‌ಟಾಪಿನಲ್ಲಿ ಅನೇಕವೇಳೆ ಒಂದೇ ರಂಧ್ರವಿದ್ದು, ಅದು ಒಳಗೆ ತೆಗೆದುಕೊಳ್ಳುವುದು ಮೈಕಿನ ಮಟ್ಟದ ಒಂದೇ ಧಾರೆಯನ್ನು. ಸ್ಟೀರಿಯೋ ಟೇಪಿನ ಎಡ ಬಲಗಳೆರಡೂ ಅದರಲ್ಲಿ ನಿಲ್ಲವು. ಇದಕ್ಕೆ ಪರಿಹಾರ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ. ಅದು ಯುಎಸ್‌ಬಿ ತಂತಿಯಿಂದ ಗಣಕಯಂತ್ರಕ್ಕೆ ಸೇರುತ್ತದೆ. ಎರಡು ರಂಧ್ರಗಳುಳ್ಳದ್ದಾದರೆ ನಮ್ಮ ಕೆಲಸಕ್ಕೆ ಸಾಕು. ಬಹಳ ಬೆಲೆಯದು ಬೇಕೆಂಬುದು ವ್ಯಾಪಾರಿಗಳ ಮಾತು.

ಈ ಪೆಟ್ಟಿಗೆಯ ನಿಜವಾದ ಕೆಲಸ ಅಳೆಯುವುದು. ಗಣಕಯಂತ್ರಕ್ಕೆ ಅಂಕಿಗಳಲ್ಲದೆ ಬೇರೇನೂ ತಿಳಿಯದು. ಆದುದರಿಂದ ವಿದ್ಯುತ್ತಿನ ಏರಿಳಿತವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಪ್ರತಿಯೊಂದು ಅಳತೆಯನ್ನೂ ಅಂಕಿಯಾಗಿ ಬರೆದುಕೊಳ್ಳಲಾಗುತ್ತದೆ. ಇಷ್ಟೇಕೆ? ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಿಸುವುದು. ಕಂಪನದ ಸಂಖ್ಯೆಯ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದರೆ ಮೂಲದ ಅಲೆಯನ್ನು ಪೂರ್ಣವಾಗಿ ಮರಳಿ ಪಡೆಯಬಹುದೆಂಬುದನ್ನು ಕ್ಲಾಡ್ ಷಾನನ್ 1949ರ ಲೇಖನವೊಂದರಲ್ಲಿ ಗಣಿತದಿಂದ ತೋರಿಸಿಕೊಟ್ಟನು. ಅಳತೆಗೋಲಿನಲ್ಲಿ 16 ಬಿಟ್ ಆದರೆ 65,536 ಗೆರೆಗಳು, 24 ಬಿಟ್ ಆದರೆ 1,67,77,216 ಗೆರೆಗಳು.

ಅಳತೆಗೋಲಿಗೆ ಒಂದು ತುದಿಯುಂಟಷ್ಟೆ. ಧ್ವನಿಯು ಆ ತುದಿಯನ್ನು ಮೀರಿದಾಗ ಮೀರಿದ ಭಾಗವೆಲ್ಲ ಒಂದೇ ಅಂಕಿಯಾಗಿ ದಾಖಲಾಗಿ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಉಕ್ಕಿ ಒಲೆಗೆ ಬಿದ್ದ ಹಾಲನ್ನು ಪಾತ್ರೆಗೆ ಮರಳಿ ತುಂಬುವವರಾರು? ಹಾಗೆಯೇ ಕತ್ತರಿಸಿಹೋದ ನೆತ್ತಿಯೂ. ಸಣ್ಣದಾಗಿ ಮುದ್ರಿತವಾದ ಹಾಡನ್ನಾದರೋ ಆಮೇಲೆ ಹಿಗ್ಗಿಸಬಹುದು. ಆದುದರಿಂದ 24 ಬಿಟ್ ಆರಿಸಿಕೊಂಡು, ಹಾಡಿನ ಅತ್ಯಂತ ಗಟ್ಟಿಯಾದ ಭಾಗವೂ ಅಳತೆಯ ಪಟ್ಟಿಯಲ್ಲಿ ಮೈನಸ್ 12 ಡೆಸಿಬೆಲ್‌ನ ಆಸುಪಾಸಿನಲ್ಲಿ ನಿಲ್ಲುವಂತೆ ಪೆಟ್ಟಿಗೆಯ ಗುಂಡಿಯನ್ನು ತಿರುಗಿಸಿಡತಕ್ಕದ್ದು. ಅದು ತುದಿಯ ನಾಲ್ಕನೆಯ ಒಂದು ಪಾಲು. ಉಳಿದ ಮೂರು ಪಾಲು ವ್ಯರ್ಥವೆಂದು ಎಣಿಸಬಾರದು. ಸೋಬಾನೆಯಲ್ಲಿ ಒಬ್ಬರು ಹಾಡಿದ ಸಾಲನ್ನು ಹತ್ತು ಜನ ಒಮ್ಮೆಗೇ ಎತ್ತಿಕೊಂಡಾಗ ಬೇಕಾಗುವ ಜಾಗವದು.

ಈಗ ಕ್ಯಾಸೆಟ್ಟಿನ ವಿಷಯ. ಅದರ ಬೆನ್ನಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳಿವೆ. ಎಲ್ಲಕ್ಕಿಂತ ಮೊದಲು ಅವನ್ನು ಮುರಿದುಬಿಡಿರಿ. ಅವು ಇಲ್ಲದಿದ್ದರೆ ಮುದ್ರಿಸುವ ಗುಂಡಿ ಒತ್ತಿಕೊಳ್ಳದು, ಅಜ್ಜಿಯ ಹಾಡಿನ ಮೇಲೆ ನಿಮ್ಮ ಕೆಮ್ಮು ಮುದ್ರಿತವಾಗದು. ಟೇಪು ಉಜ್ಜುವ ತಲೆಯನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಲು ಬಿಡಬೇಕು. ಮಟ್ಟವನ್ನು ಹೊಂದಿಸುವ ಅಭ್ಯಾಸವೆಲ್ಲ ಅಂಗಡಿಯ ಕ್ಯಾಸೆಟ್ಟಿನ ಮೇಲೆ ನಡೆಯಲಿ. ಮನೆಯ ಕ್ಯಾಸೆಟ್ಟನ್ನು ಹಾಕುವಾಗ ಮೊದಲ ಸುತ್ತಿನಿಂದಲೇ ಗಣಕಯಂತ್ರ ಮುದ್ರಿಸುತ್ತಿರಲಿ. ಪಟ್ಟಿ ನಡುವೆ ತುಂಡಾದರೂ ಅಲ್ಲಿಯವರೆಗಿನದು ಕೈಯಲ್ಲಿರುತ್ತದೆ. ಲೈನ್ ಔಟ್ ಇಲ್ಲದ ಯಂತ್ರವಾದರೆ ಹೆಡ್‌ಫೋನಿನ ರಂಧ್ರದಿಂದ ತಂತಿ ತೆಗೆದು, ಧ್ವನಿಯನ್ನು ನಡುಮಟ್ಟದಲ್ಲಿಟ್ಟರಾಯಿತು. ಹಾಡಿನ ಹಿಂದೆ ಎಡೆಬಿಡದೆ 'ಹುಂ' ಎಂಬ ಸದ್ದು ಕೇಳಿದರೆ ಅದು ನಮ್ಮ ಮನೆಗಳಿಗೆ ಬರುವ 50 ಆವರ್ತನದ ವಿದ್ಯುತ್ತಿನದು. ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿ ನೋಡಿರಿ, ಬಹಳ ಸಲ ಅಷ್ಟಕ್ಕೇ ನಿಲ್ಲುವುದು. ಧ್ವನಿಯನ್ನು ಬರೆದುಕೊಳ್ಳುವುದಕ್ಕೆ ಆಡಾಸಿಟಿ ಎಂಬ ಉಚಿತ ತಂತ್ರಾಂಶವಿದೆ.

ನೀವೇ ಹಾಡುವಾಗ ಕೋಣೆಯದೇ ತೊಡಕು. ಹತ್ತಡಿಯ ಕೋಣೆಯ ಬರಿಗೋಡೆಗಳು ಧ್ವನಿಯನ್ನು ಚೆಂಡಿನಂತೆ ಹಿಂದಕ್ಕೆಸೆಯುತ್ತವೆ. ಊರಿನಿಂದ ತಂದ ಕೌದಿಗಳನ್ನು ಹಾಡುವವರ ಹಿಂದೆ, ಪಕ್ಕಗಳಲ್ಲಿ ತೂಗುಹಾಕಿರಿ. ಅವುಗಳಿಗಿಂತ ಒಳ್ಳೆಯ ಸಾಧನವು ನಮಗೆ ಕಾಣದು. ಮೈಕು ಬಾಯಿಯಿಂದ ಒಂದು ಗೇಣು ದೂರದಲ್ಲಿ, ತುಸು ಓರೆಯಾಗಿರಲಿ. ಪ, ಫ, ಬ, ಭ ಎಂಬ ಓಷ್ಠ್ಯಾಕ್ಷರಗಳ ಉಸಿರು ಎದುರಿನಿಂದ ಬಡಿದರೆ ಮೈಕಿನಲ್ಲಿ ಗುದ್ದಿದಂತಾಗುವುದು. ಕಂಡೆನ್ಸರ್ ಮೈಕಾದರೆ ಪೆಟ್ಟಿಗೆಯ '48 ವೋಲ್ಟ್' ಗುಂಡಿಯನ್ನು ಒತ್ತಬೇಕು. ಟೇಪನ್ನು ಜೋಡಿಸುವಾಗ ಅದು ಆರಿರಬೇಕು.

ಹೆಡ್‌ಫೋನಿನಲ್ಲಿ ನಿಮ್ಮ ದನಿ ನಿಮಗೇ ತಡವಾಗಿ ಕೇಳಿಸಿದರೆ ಬೆದರಬೇಡಿರಿ. ಗಣಕಯಂತ್ರವು ಅಂಕಿಗಳನ್ನು ಕಂತು ಕಂತಾಗಿ ಎತ್ತಿಕೊಳ್ಳುವುದರಿಂದ ಹಾಗಾಗುವುದು. ಕಂತಿಗೆ 256 ಅಳತೆಯಾದರೆ ಆ ಒಂದು ಕಂತಿನ ತಡ ಸೆಕೆಂಡಿನ ಸಾವಿರದಲ್ಲಿ ಆರು ಪಾಲು, ಎಂದರೆ ಎರಡು ಮೀಟರು ದೂರದಿಂದ ಕೇಳಿದಷ್ಟೇ. 2,048 ಆದರೆ ತಾಳ ತಪ್ಪಿಸುವಷ್ಟು. ಕಂತನ್ನು ಚಿಕ್ಕದು ಮಾಡಿಕೊಳ್ಳಿರಿ.

ಮುದ್ರಿಸಿದುದನ್ನು ಮೊದಲು ವೇವ್ ಎಂಬ ರೂಪದಲ್ಲಿ ಇಡತಕ್ಕದ್ದು. 16 ಬಿಟ್‌ನಲ್ಲಿ ಇಟ್ಟರೆ ಒಂದು ಗಂಟೆಯ ಸ್ಟೀರಿಯೋ ಕ್ಯಾಸೆಟ್ಟಿಗೆ ಸುಮಾರು 635 ಮೆಗಾಬೈಟು, 24 ಬಿಟ್ ಆದರೆ ಅದರ ಒಂದೂವರೆ ಪಟ್ಟು. ಎಂಪಿ3 ಚಿಕ್ಕದೆಂಬುದು ನಿಜ. ಆದರೆ ಚಿಕ್ಕದಾಗುವುದು ಧ್ವನಿಯ ಅಂಶಗಳನ್ನು ಕಳೆದುಕೊಂಡೇ. ಬಂಧುಗಳಿಗೆ ಕಳುಹಿಸುವ ಪ್ರತಿ ಮಾತ್ರ ಅದಾಗಿರಲಿ. ಕಡತದ ಹೆಸರಿನಲ್ಲಿ ಹಾಡಿದವರ ಹೆಸರು, ಊರು, ಹಾಡಿನ ಮೊದಲ ಮಾತು, ಮುದ್ರಿಸಿದ ವರ್ಷ ಇವನ್ನು ಸೇರಿಸಿರಿ. ಕ್ಯಾಸೆಟ್ಟಿನ ಚೀಟಿಯಲ್ಲಿ ಅವು ಇಲ್ಲದಿದ್ದರೆ ಮನೆಯ ಹಿರಿಯರನ್ನು ಕೂರಿಸಿ ಹಾಡನ್ನು ಕೇಳಿಸಿರಿ. ಯಾರ ದನಿಯೆಂದು ಅವರು ಗುರುತಿಸಿ ಹೇಳುವಾಗ ಮೈಕು ಚಾಲೂ ಇರಲಿ.