ಕಣಗಿಲೆ ಎಂಬ ಒಂದೇ ಹೆಸರಿನ ಮೂರು ಗಿಡಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ನಮ್ಮ ಮಲೆನಾಡಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಅಷ್ಟು ಸುರಿಯುವ ಊರುಗಳು ಬೇಕಾದಷ್ಟಿವೆ. ಅಂಥ ಬಿಸಿಲು ನೆಲದಲ್ಲಿಯೂ ವರ್ಷದ ಬಹುಕಾಲ ಹೂ ಬಿಡುವುದರಿಂದ ಕಣಗಿಲೆ ಆ ಸೀಮೆಯ ಅಂಗಳಗಳಿಗೆ ಒಗ್ಗಿದ ಗಿಡ. ಹೂವು ಶಿವಪೂಜೆಗೂ ಸಲ್ಲುತ್ತದೆ. ಅಲ್ಲಿಂದ ತೋಟದ ಕೆಲಸಕ್ಕೆ ಬಂದವರು ಕಡ್ಡಿ ತಂದು ಲೈನ್ ಮನೆಯ ಮುಂದೆ ಊರಿದರೆ ಬೇಡವೆನ್ನಬೇಕಾಗಿಲ್ಲ. ಆದರೆ ಯಾವ ಕಣಗಿಲೆ ಎಂಬುದನ್ನು ಮೊದಲು ನೋಡಬೇಕು.

ಗುರುತಿಗೆ ಹೂವಿಗಿಂತ ಎಲೆಯೇ ಮೇಲು. ನಿಜವಾದ ಕಣಗಿಲೆಯಲ್ಲಿ ಒಂದೊಂದು ಗೆಣ್ಣಿಗೆ ಮೂರು ಮೂರು ಎಲೆ; ಎಲೆ ದಪ್ಪ, ಗಡಸು, ನಡುನರ ಎದ್ದು ಕಾಣುತ್ತದೆ. ಹೂ ಕೆಂಪು, ಗುಲಾಬಿ ಅಥವಾ ಬಿಳಿ. ಹಳದಿ ಕಣಗಿಲೆಯ ಎಲೆ ಕಿರಿದು, ಹೊಳಪಿನದು, ಒಂದೊಂದಾಗಿ ಕೊಂಬೆಯ ಸುತ್ತ ಬರುತ್ತದೆ, ಮುರಿದರೆ ಹಾಲು. ಹೂ ಗಂಟೆಯ ಆಕಾರ, ಕಾಯಿ ಏಣುಳ್ಳದ್ದು, ಹಣ್ಣಾದಾಗ ಕಪ್ಪು. ಮೂರನೆಯದು ದೇವಗಣಗಿಲೆ, ಕೆಲವರು ಗೋಸಂಪಿಗೆ ಎನ್ನುತ್ತಾರೆ. ಇದು ಮರವಾಗುತ್ತದೆ. ಬೆರಳಿಗಿಂತ ದಪ್ಪನೆಯ ಕೊಂಬೆ, ತುದಿಯಲ್ಲಿ ಮಾತ್ರ ಅಗಲ ಎಲೆಗಳ ಗೊಂಚಲು, ಐದೆಸಳಿನ ಪರಿಮಳದ ಹೂ. ಹಳದಿ ಕಣಗಿಲೆಯೂ ದೇವಗಣಗಿಲೆಯೂ ಅಮೆರಿಕಾ ಖಂಡದ ಉಷ್ಣ ಸೀಮೆಯಿಂದ ಬಂದವು.

ಅಂದಕ್ಕೆ ನಾವು ದೇವಗಣಗಿಲೆಯನ್ನೇ ಹೇಳುತ್ತೇವೆ. ಬಲಿತ ಕೊಂಬೆಯನ್ನು ಒಂದಡಿ ಉದ್ದ ಕತ್ತರಿಸಿ, ಹಾಲು ಆರುವಂತೆ ಒಂದು ವಾರ ನೆರಳಿನಲ್ಲಿಟ್ಟು, ಅನಂತರ ನೆಡಬೇಕು. ಹಸಿಯಾಗಿ ನೆಟ್ಟರೆ ಕೊಳೆಯುವುದೇ ಹೆಚ್ಚು. ಕಪ್ಪು ಮಣ್ಣಿನವರು ಗುಂಡಿಗೆ ಗರಸು ಬೆರೆಸಲಿ. ನಮ್ಮ ಕಡೆಯವರು ನೀರು ಜಾರುವ ಇಳಿಜಾರು ನೋಡಿಕೊಳ್ಳಲಿ. ಮರದ ನೆರಳಿನಲ್ಲಿ ಹೂ ಕಾಣುವ ಆಸೆ ಬೇಡ. ಚಳಿಗಾಲದಲ್ಲಿ ಎಲೆ ಉದುರಿದರೆ ಸತ್ತಿತೆಂದು ಕಿತ್ತುಹಾಕುವವರಿದ್ದಾರೆ! ಬೇಸಿಗೆಗೆ ಅದು ಮತ್ತೆ ಚಿಗುರುತ್ತದೆ. ಇದರ ಹಾಲು ಚರ್ಮಕ್ಕೆ ಉರಿ ತರುವುದರಿಂದ ಕೈ ತೊಳೆದುಕೊಳ್ಳಿ.

ಇನ್ನುಳಿದ ಎರಡೂ ಬೇರಿನಿಂದ ಬೀಜದವರೆಗೆ ವಿಷ; ಹೃದಯವನ್ನೇ ಹಿಡಿಯುವ ವಿಷ. ಹತ್ತಿಪ್ಪತ್ತು ಕಣಗಿಲೆ ಎಲೆ ಒಂದು ದನವನ್ನು ಕೊಲ್ಲಬಲ್ಲದು. ಹಸಿ ಎಲೆ ಕಹಿಯಾದ್ದರಿಂದ ದನ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಪಾಯವಿರುವುದು ನಮ್ಮ ಪದ್ಧತಿಯಲ್ಲಿ: ಬೇಲಿ ಸವರಿದ ಸೊಪ್ಪನ್ನು ಕೊಟ್ಟಿಗೆಗೆ ಹಾಸುತ್ತೇವೆ, ಒಣಗಿದ ಎಲೆ ಹುಲ್ಲಿನೊಡನೆ ಬೆರೆಯುತ್ತದೆ, ದನ ಅರಿಯದೆ ತಿನ್ನುತ್ತದೆ. ಒಣಗಿದರೂ ವಿಷ ಹೋಗುವುದಿಲ್ಲ. ಸವರಿದ್ದನ್ನು ಕೊಟ್ಟಿಗೆಗೂ ಒಲೆಗೂ ಹಾಕದೆ, ದನ ಹೋಗದ ಕಡೆ ಆಳವಾಗಿ ಹೂಳಿ. ಹಳದಿ ಕಣಗಿಲೆಯ ಬೀಜ ಮಕ್ಕಳ ಕೈಗೆ ಸಿಗುವಂತಿದ್ದರೆ ಗಿಡವನ್ನೇ ತೆಗೆಯುವುದು ಲೇಸು.

ಮೇವು ಬಿಟ್ಟು, ಜೊಲ್ಲು ಸುರಿಸಿ, ಭೇದಿಯಾಗಿ ದನ ತತ್ತರಿಸಿದರೆ ನಾಟಿ ಮದ್ದಿನಲ್ಲಿ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಯಿರಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ಘಟಕಕ್ಕೆ ಸುದ್ದಿ ಮುಟ್ಟುತ್ತದೆ. ತಿಂದಿರಬಹುದಾದ ಎಲೆಯ ಒಂದು ಕಡ್ಡಿಯನ್ನು ತೆಗೆದಿಟ್ಟಿದ್ದು ಅವರಿಗೆ ತೋರಿಸಿ.