ಬೀಡಿ, ಸಿಗರೇಟು ಬಿಟ್ಟ ಮೇಲೆ: ನಿಕೋಟಿನ್ ಆಸರೆ ಆರಿಸುವ ಕ್ರಮ

ಸಿಗರೇಟು ಬಿಟ್ಟು ಸಣ್ಣ ವೇಪ್ ಸಾಧನ ಹಿಡಿದವರಲ್ಲಿ ಕೆಲವರಿಗೆ ಅದರ ಆವಿ ಸಪ್ಪೆಯೆನಿಸಿ, ಹೆಚ್ಚಿನ ವೋಲ್ಟೇಜಿನ ಸಾಧನದ ಕಡೆ ಮನಸ್ಸು ಹರಿಯುವುದು ಬ್ರಿಟನ್, ಅಮೆರಿಕಗಳಲ್ಲಿ ಸಾಮಾನ್ಯವಾಗಿದ್ದು, ಮೊಬೈಲಿನ ವಿಡಿಯೊಗಳ ಮೂಲಕ ಅದೇ ಆಸೆ ವಿಜಯಪುರ ನಗರದ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ತರುಣರನ್ನೂ ತಲುಪಬಲ್ಲದು. ಭಾರತದಲ್ಲಿ ಈ ಸಾಧನಗಳ ಮಾರಾಟವೇ ಅಪರಾಧವಾಗಿರುವುದರಿಂದ, ಇಲ್ಲಿ ಧೂಮಪಾನ ಬಿಟ್ಟವರು ತಮ್ಮ ಮೊದಲ ಆಸರೆಯನ್ನು ಔಷಧದಂಗಡಿಯಲ್ಲಿ ಹುಡುಕಬೇಕಾಗುತ್ತದೆ. ಅಲ್ಲಿ ಸಿಗುವ ನಿಕೋಟಿನ್ ಗಮ್ ಮತ್ತು ಪಟ್ಟಿಗಳನ್ನು ಆರಿಸುವ, ಬಳಸುವ, ಕೊನೆಗೆ ಬಿಡುವ ಕ್ರಮವನ್ನು ಮುಂದೆ ವಿವರಿಸಲಾಗಿದೆ.

ವೋಲ್ಟೇಜಿನ ಆಕರ್ಷಣೆ ಎಲ್ಲಿಂದ ಬರುತ್ತದೆಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ವೇಪ್ ಸಾಧನದೊಳಗೆ ಲಿಥಿಯಂ ಬ್ಯಾಟರಿ, ಸುರುಳಿಯಾಕಾರದ ತೆಳು ತಂತಿ, ಆ ತಂತಿಗೆ ತಾಗಿಕೊಂಡ ಹತ್ತಿಯ ಬತ್ತಿ ಇರುತ್ತವೆ. ನಿಕೋಟಿನ್ ಬೆರೆತ ದ್ರವವನ್ನು ಬತ್ತಿ ಹೀರಿಕೊಳ್ಳುತ್ತದೆ, ತಂತಿ ಕಾದಾಗ ದ್ರವ ಆವಿಯಾಗುತ್ತದೆ. ತಂತಿಯ ವಿದ್ಯುತ್ ರೋಧ, ಅಂದರೆ ಅದು ವಿದ್ಯುತ್ ಹರಿವಿಗೆ ಒಡ್ಡುವ ತಡೆ, 2 ಓಮ್ ಇದ್ದರೆ, 3.7 ವೋಲ್ಟ್‌ನಲ್ಲಿ ಸುಮಾರು 7 ವ್ಯಾಟ್ ಶಾಖ ಹುಟ್ಟುತ್ತದೆ. ವೋಲ್ಟೇಜನ್ನು 5ಕ್ಕೆ ಏರಿಸಿದರೆ ಅದು 12.5 ವ್ಯಾಟ್ ಆಗುತ್ತದೆ. ಆವಿ ದಟ್ಟವಾಗುವುದೂ ಗಂಟಲಿಗೆ ಹೊಗೆಯಂಥ ಹೊಡೆತ ಸಿಗುವುದೂ ಇದರಿಂದಲೇ. ಆದರೆ ಬತ್ತಿ ದ್ರವವನ್ನು ಎಳೆದುಕೊಳ್ಳುವ ವೇಗಕ್ಕಿಂತ ಶಾಖ ಹೆಚ್ಚಾದಾಗ ದ್ರವ ಒಡೆದು ಬೇರೆ ರಾಸಾಯನಿಕಗಳಾಗುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, 3.3 ವೋಲ್ಟ್‌ನಲ್ಲಿ ಕಾಣದ ಫಾರ್ಮಾಲ್ಡಿಹೈಡ್ ಸಂಬಂಧಿ ವಸ್ತುಗಳು 5 ವೋಲ್ಟ್‌ನಲ್ಲಿ ಕಂಡುಬಂದವು. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕವೆಂದು ಗುರುತಿಸಲ್ಪಟ್ಟ ಅನಿಲ. ಅಷ್ಟು ಕಾದ ಆವಿಯ ಸುಟ್ಟ ರುಚಿಗೆ ಬಳಸುವವನೇ ಅದನ್ನು ಎಳೆಯದೆ ಬಿಡುತ್ತಾನೆ ಎಂಬ ಆಕ್ಷೇಪಣೆಯೂ ಆಗ ಬಂದಿತ್ತು.

ಈ ಚರ್ಚೆಯ ಇನ್ನೊಂದು ಮಗ್ಗುಲನ್ನು ಮರೆಮಾಚುವುದು ಸರಿಯಲ್ಲ. ವೈದ್ಯಕೀಯ ಸಂಶೋಧನೆಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಗಳ ಪ್ರಕಾರ ನಿಕೋಟಿನ್ ಇರುವ ಇ-ಸಿಗರೇಟು, ಗಮ್ ಮತ್ತು ಪಟ್ಟಿಗಳಿಗಿಂತ ಹೆಚ್ಚು ಜನರಿಗೆ ಸಿಗರೇಟು ಬಿಡಲು ನೆರವಾಗಿದೆ, ಬ್ರಿಟನ್ನಿನ ಆರೋಗ್ಯ ಸೇವೆಯೂ ವಯಸ್ಕ ಧೂಮಪಾನಿಗಳಿಗೆ ಅದನ್ನು ಸೂಚಿಸುತ್ತದೆ. ಆದರೆ ಅಲ್ಲಿ ದ್ರವದ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರಬಾರದೆಂಬ ಕಾನೂನಿದೆ, ಅದನ್ನು ನೋಡಿಕೊಳ್ಳುವ ಇಲಾಖೆಯಿದೆ; ಇಲ್ಲಿ ಕದ್ದುಮುಚ್ಚಿ ಕೈಬದಲಾಗುವ ಸಾಧನದಲ್ಲಿ ಏನಿದೆ, ಎಷ್ಟಿದೆ ಎಂಬುದಕ್ಕೆ ಯಾರೂ ಹೊಣೆಯಲ್ಲ, ಆದ್ದರಿಂದ ಅಲ್ಲಿನ ಫಲಿತಾಂಶವನ್ನು ಇಲ್ಲಿನ ವಸ್ತುವಿಗೆ ಅನ್ವಯಿಸಲಾಗದು.

ಕರ್ನಾಟಕ ಸರ್ಕಾರ ಇ-ಸಿಗರೇಟನ್ನು 2016ರ ಜೂನ್‌ನಲ್ಲೇ ನಿಷೇಧಿಸಿತ್ತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಅದನ್ನು ಕಾಯ್ದೆಯಾಗಿಸಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲಕ್ಕೂ ಮೊದಲ ಸಲ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಾಸ್ತಾನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಯ್ದೆ ದೇಶಕ್ಕೆಲ್ಲ ಒಂದೇ ಆಗಿರುವುದರಿಂದ ಗಡಿಯಾಚೆ ಮಹಾರಾಷ್ಟ್ರದ ಸೊಲ್ಲಾಪುರದಿಂದ ತಂದರೂ ಆನ್‌ಲೈನ್‌ನಲ್ಲಿ ತರಿಸಿದರೂ ವ್ಯತ್ಯಾಸವಿಲ್ಲ.

ತಂಬಾಕಿನ ಚರಿತ್ರೆಯಲ್ಲಿ ವಿಜಯಪುರದ ಹೆಸರು ಹಳೆಯದು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನಕ್ಕೆ ಅಕ್ಬರನ ದೂತನಾಗಿ ಬಂದಿದ್ದ ಅಸದ್ ಬೇಗ್, ಸುಮಾರು 1604ರಲ್ಲಿ ಇಲ್ಲಿಂದಲೇ ತಂಬಾಕನ್ನೂ ರತ್ನಖಚಿತ ಕೊಳವೆಯನ್ನೂ ಒಯ್ದು ಬಾದಶಹನಿಗೆ ಒಪ್ಪಿಸಿದನೆಂದು ತಾನೇ ಬರೆದಿದ್ದಾನೆ. ಅಕ್ಬರ್ ಒಂದೆರಡು ದಮ್ಮು ಎಳೆದಾಗ ಆಸ್ಥಾನದ ಹಕೀಮನು, ಇದು ಪರೀಕ್ಷೆಗೆ ಒಳಗಾಗದ ವಸ್ತು, ವೈದ್ಯಗ್ರಂಥಗಳಲ್ಲಿ ಇದರ ಮಾತೇ ಇಲ್ಲ ಎಂದು ತಡೆದನಂತೆ. ಹಕೀಮನ ಮಾತಿಗೆ ಮನ್ನಣೆ ಸಿಕ್ಕಲಿಲ್ಲ, ತಂಬಾಕು ದೇಶವೆಲ್ಲ ಹರಡಿತು. 2016-17ರ ರಾಷ್ಟ್ರೀಯ ಸಮೀಕ್ಷೆಯ ವೇಳೆಗೆ ಭಾರತದ ವಯಸ್ಕರಲ್ಲಿ ಶೇಕಡಾ 28.6ರಷ್ಟು ಮಂದಿ ಅದನ್ನು ಒಂದಲ್ಲ ಒಂದು ರೂಪದಲ್ಲಿ ಬಳಸುತ್ತಿದ್ದರು.

ಆಸರೆ ಆರಿಸುವ ಮೊದಲ ಹೆಜ್ಜೆ ಚಟದ ಆಳವನ್ನು ಅಳೆಯುವುದು. ಇದಕ್ಕೆ ವೈದ್ಯರು ಮುಖ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಬೀಡಿ ಅಥವಾ ಸಿಗರೇಟು ಬೇಕೆನಿಸುತ್ತದೆ, ದಿನಕ್ಕೆ ಒಟ್ಟು ಎಷ್ಟು ಬೇಕಾಗುತ್ತವೆ. ಎದ್ದು ಅರ್ಧ ಗಂಟೆಯೊಳಗೆ ಸೇದಲೇಬೇಕೆನಿಸುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ಗಮ್, ಅದಕ್ಕಿಂತ ತಡವಾಗಿ ಸೇದುವವರಿಗೆ 2 ಮಿಲಿಗ್ರಾಂ ಗಮ್ ಹೊಂದುತ್ತದೆ. ಭಾರತದಲ್ಲಿ 2 ಮಿಲಿಗ್ರಾಂ ಗಮ್ ಚೀಟಿಯಿಲ್ಲದೆ ಸಿಗುತ್ತದೆ, 4 ಮಿಲಿಗ್ರಾಂಗೆ ವೈದ್ಯರ ಚೀಟಿ ಬೇಕು. ಇತ್ತೀಚೆಗೆ ಹೃದಯಾಘಾತವಾದವರು, ಎದೆನೋವಿನವರು, ಗರ್ಭಿಣಿಯರು ಯಾವ ಬಗೆಯನ್ನೇ ಆಗಲಿ ವೈದ್ಯರನ್ನು ಕೇಳದೆ ಆರಂಭಿಸಬಾರದು.

ಎರಡನೆಯದು ದಿನ ಗೊತ್ತುಮಾಡುವುದು. ಬಿಟ್ಟ ಮೊದಲ ಮೂರು ದಿನ ಸಿಡುಕು, ನಿದ್ರೆಗೇಡು, ತಲೆನೋವು ಹೆಚ್ಚಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಆದ್ದರಿಂದ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರು ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಕೊಯ್ಲು ಮತ್ತು ಮಣೂಕ ಒಣಗಿಸುವ ಗಡಿಬಿಡಿಯನ್ನು ಬಿಟ್ಟು, ಆಳುಗಳ ಜೊತೆ ಶೆಡ್ಡಿನಲ್ಲಿ ರಾತ್ರಿ ಕಳೆಯಬೇಕಿರದ ವಾರವೊಂದನ್ನು ಆರಿಸಿಕೊಂಡರೆ ಅನುಕೂಲ.

ಮೂರನೆಯದು ಗಮ್ ಅಗಿಯುವ ಬಗೆಯಾಗಿದ್ದು, ಬಹಳಷ್ಟು ಮಂದಿ ಇದು ಕೆಲಸಕ್ಕೆ ಬಾರದೆಂದು ಬಿಡುವುದು ಇಲ್ಲಿನ ತಪ್ಪಿನಿಂದಲೇ. ಬಾಯಲ್ಲಿಟ್ಟುಕೊಂಡು ನಿಧಾನವಾಗಿ ಅಗಿಯಬೇಕು. ಖಾರವೆನಿಸಿ ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಗಮ್ಮನ್ನು ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಡಬೇಕು. ಚುರುಚುರು ಇಳಿದ ಮೇಲೆ ಮತ್ತೆ ಅಗಿದು, ಬೇರೆ ಜಾಗದಲ್ಲಿ ಒತ್ತಿಡಬೇಕು. ಹೀಗೆ ಅರ್ಧ ಗಂಟೆ ನಡೆಸಬೇಕು. ನಿಕೋಟಿನ್ ಒಳಸೇರುವುದು ಬಾಯಿಯ ಒಳಪೊರೆಯ ಮೂಲಕ, ಆದ್ದರಿಂದ ಸಾಮಾನ್ಯ ಚೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಅಗಿದು ಜೊಲ್ಲು ನುಂಗಿದರೆ ಅದು ಹೊಟ್ಟೆ ಸೇರಿ ಬಿಕ್ಕಳಿಕೆ, ಎದೆಯುರಿ ತರುತ್ತದೆ, ಸೆಳೆತ ಮಾತ್ರ ಹಾಗೆಯೇ ಉಳಿಯುತ್ತದೆ. ಹುಳಿ ಬಾಯಲ್ಲಿದ್ದರೂ ನಿಕೋಟಿನ್ ಹೀರುವಿಕೆ ಕುಗ್ಗುವುದರಿಂದ, ಗಮ್ ಹಾಕಿಕೊಳ್ಳುವ ಕಾಲು ಗಂಟೆ ಮುಂಚಿನಿಂದ ಅದನ್ನು ಉಗುಳುವವರೆಗೆ ಚಹಾ, ಕಾಫಿ, ಸೋಡಾ, ನಿಂಬೆ ಶರಬತ್ತು ಬೇಡ. ಇಂಡಿ ತಾಲ್ಲೂಕಿನ ನಿಂಬೆ ಮನೆಮನೆಯಲ್ಲಿರುವ ಈ ಜಿಲ್ಲೆಯಲ್ಲಿ, ಬೇಸಿಗೆಯಲ್ಲಿ ಇದು ನೆನಪಿಡಬೇಕಾದ ಮಾತು. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು, ಒಟ್ಟು 12 ವಾರ. ಯಾವ ದಿನವೂ 24 ಮೀರಬಾರದು.

ದಿನವಿಡೀ ಅಗಿಯಲಾಗದ ಶಿಕ್ಷಕರು, ಬಸ್ ಚಾಲಕರಂಥವರಿಗೆ ಚರ್ಮದ ಮೇಲೆ ಅಂಟಿಸುವ ಪಟ್ಟಿ ಹೊಂದುತ್ತದೆ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸಿಗರೇಟು ಸೇದುತ್ತಿದ್ದವರು 21 ಮಿಲಿಗ್ರಾಂ ಪಟ್ಟಿಯಿಂದ ಆರಂಭಿಸಿ ಆರು ವಾರದ ನಂತರ 14, ಮತ್ತೆರಡು ವಾರದ ನಂತರ 7 ಮಿಲಿಗ್ರಾಂಗೆ ಇಳಿಯುವುದು ವಾಡಿಕೆ. ಬೆವರಿಗೆ ಪಟ್ಟಿ ಕಳಚಿಕೊಳ್ಳುವುದರಿಂದ ಕೂದಲಿಲ್ಲದ, ಒಣಗಿದ ತೋಳಿನ ಮೇಲ್ಭಾಗ ಸೂಕ್ತ. ಜಾಗವನ್ನು ದಿನವೂ ಬದಲಿಸಬೇಕು, ಕೆಟ್ಟ ಕನಸು ಬಿದ್ದರೆ ಮಲಗುವಾಗ ತೆಗೆದಿಡಬಹುದು. ನಿಕೋಟಿನ್ ಇಲ್ಲದ ಬುಪ್ರೊಪಿಯಾನ್, ವರೆನಿಕ್ಲಿನ್ ಮಾತ್ರೆಗಳೂ ಇವೆ, ಅವು ವೈದ್ಯರ ಕೈಯಿಂದಲೇ ಬರಬೇಕು; ಮೂರ್ಛೆರೋಗ ಇರುವವರಿಗೆ ಬುಪ್ರೊಪಿಯಾನ್ ಸಲ್ಲದು.

ಗಡಿಭಾಗದಲ್ಲಿ ಮತ್ತೊಂದು ಅಪಾಯವಿದೆ. ಬೀಡಿ ಬಿಟ್ಟವರು ಬಾಯಿ ಖಾಲಿಯೆನಿಸಿ ಮಾವಾ, ತಂಬಾಕು, ಪಾನ್ ಮಸಾಲಾಗಳ ಕಡೆ ಹೊರಳುವುದುಂಟು. ಕರ್ನಾಟಕದಲ್ಲಿ ಗುಟ್ಕಾ 2013ರಿಂದ ನಿಷೇಧವಾಗಿದ್ದರೂ ಪಾನ್ ಮಸಾಲಾ ಮತ್ತು ತಂಬಾಕನ್ನು ಬೇರೆ ಬೇರೆ ಚೀಟುಗಳಲ್ಲಿ ಕೊಂಡು ಬೆರೆಸಿಕೊಳ್ಳುವವರಿಗೆ ಆ ನಿಷೇಧ ತಟ್ಟಿಲ್ಲ. ಬಾಯಿಯ ಕ್ಯಾನ್ಸರ್‌ಗೆ ದಾರಿಯಾಗುವ ಈ ಬದಲಾವಣೆಯನ್ನು ಚಟ ಬಿಟ್ಟದ್ದೆಂದು ಎಣಿಸಲಾಗದು. ಸೆಳೆತದ ಒಂದೊಂದು ಅಲೆ ಮೂರರಿಂದ ಐದು ನಿಮಿಷವಷ್ಟೇ ಇರುವುದರಿಂದ, ಆ ಹೊತ್ತಿಗೆ ಹಿಡಿ ಮಣೂಕವೋ ಹುರಿದ ಶೇಂಗಾವೋ ಸಾಕಾಗುತ್ತದೆ.

ಮಾತಿನ ಆಸರೆ ಔಷಧದಷ್ಟೇ ಮುಖ್ಯ. ಬೀಡಿ, ಸಿಗರೇಟಿನ ಪೊಟ್ಟಣದ ಮೇಲೆ ಅಚ್ಚಾಗಿರುವ 1800-11-2356 ರಾಷ್ಟ್ರೀಯ ಸಹಾಯವಾಣಿಯ ಉಚಿತ ಸಂಖ್ಯೆಯಾಗಿದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಗಳಲ್ಲಿ ಒಂದಾಗಿರುವುದರಿಂದ ಕನ್ನಡದಲ್ಲಿ ಮಾತನಾಡಬಹುದು. 011-22901701ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಮೊಬೈಲಿಗೆ ಸಲಹೆಯ ಸಂದೇಶಗಳು ಬರುತ್ತವೆ. ಎದುರು ಕುಳಿತು ಮಾತನಾಡಬಯಸುವವರು ವಿಜಯಪುರದ ಜಿಲ್ಲಾಸ್ಪತ್ರೆಯಲ್ಲಿ ಅಥವಾ ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣಬಹುದು. ತಿಕೋಟಾ, ಬಬಲೇಶ್ವರದವರು ಊರಿನ ಸರ್ಕಾರಿ ಆಸ್ಪತ್ರೆಯ ವೈದ್ಯರಿಂದಲೇ ಆರಂಭಿಸಿದರೆ ನಗರಕ್ಕೆ ಓಡಾಡುವ ಖರ್ಚು ಉಳಿಯುತ್ತದೆ.

12 ವಾರಗಳ ನಡುವೆ ಎಂದಾದರೂ ಒಂದು ಬೀಡಿ ಸೇದಿಬಿಟ್ಟರೆ ಗಮ್ ಅಥವಾ ಪಟ್ಟಿಯನ್ನು ನಿಲ್ಲಿಸಬೇಕಾಗಿಲ್ಲ. ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿ, ಗಮ್ ಹಾಕಿ ಎಷ್ಟು ಗಂಟೆಯಾದ ಮೇಲೆ ಹಾಗಾಯಿತೆಂದು ಗುರುತುಹಾಕಿಕೊಂಡು ಸಹಾಯವಾಣಿಗೆ ಇಲ್ಲವೇ ವೈದ್ಯರಿಗೆ ತಿಳಿಸಿದರೆ, ಪ್ರಮಾಣ ಸಾಲದಿದ್ದುದೋ, ಅಂತರ ಹೆಚ್ಚಾದದ್ದೋ ಎಂಬುದನ್ನು ನೋಡಿ ಅವರು ಮುಂದಿನ ವಾರದ ಲೆಕ್ಕವನ್ನು ತಿದ್ದಿಕೊಡುತ್ತಾರೆ.