ಬಿಸಿಲಿನಲ್ಲಿ ಮೂಡಿದ ನೀಲಿ ಚಿತ್ರಗಳು

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಮನೆಯ ನಕ್ಷೆಗೆ ‘ಬ್ಲೂಪ್ರಿಂಟ್’ ಎನ್ನುವುದೇಕೆ ಗೊತ್ತೇ? ಹಿಂದೆ ನಕ್ಷೆಗಳ ಪ್ರತಿಗಳನ್ನು ಸಯನೋಟೈಪ್ ಎಂಬ ವಿಧಾನದಿಂದ ತೆಗೆಯುತ್ತಿದ್ದರು. ಅದರಲ್ಲಿ ಕಾಗದವೆಲ್ಲ ನೀಲಿಯಾಗುತ್ತದೆ, ಗೆರೆಗಳು ಬಿಳಿಯಾಗಿ ಉಳಿಯುತ್ತವೆ. 1842ರಲ್ಲಿ ಇದನ್ನು ಕಂಡುಹಿಡಿದವರು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್. ಇದೇ ವಿಧಾನದಿಂದ ಫೋಟೊ ಕೂಡ ಮುದ್ರಿಸಬಹುದು. ಕಾಲೇಜಿನ ಪ್ರದರ್ಶನಕ್ಕಾಗಿ ಮೇ ತಿಂಗಳ ರಜೆಯಲ್ಲಿ ನೆಹರು ನಗರದ ನಮ್ಮ ಮನೆಯ ಟೆರೇಸಿನಲ್ಲಿ ನಾನು ಆರು ಭಾವಚಿತ್ರ ಮಾಡಿದೆ.

ಮಾಡುವ ಕ್ರಮ ಹೀಗಿದೆ. 100 ಮಿ.ಲೀ. ನೀರಿನಲ್ಲಿ 25 ಗ್ರಾಂ ಫೆರಿಕ್ ಅಮೋನಿಯಂ ಸಿಟ್ರೇಟ್, ಬೇರೆ 100 ಮಿ.ಲೀ. ನೀರಿನಲ್ಲಿ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್ ಕರಗಿಸಬೇಕು. ಎರಡನ್ನೂ ಸಮನಾಗಿ ಬೆರೆಸಿ, ಮಂದ ಬೆಳಕಿನಲ್ಲಿ ದಪ್ಪ ಡ್ರಾಯಿಂಗ್ ಕಾಗದಕ್ಕೆ ಬ್ರಷ್‌ನಿಂದ ಹಚ್ಚಿ, ಕತ್ತಲೆಯಲ್ಲಿ ಒಣಗಿಸಬೇಕು. ಫೋಟೊದ ನೆಗೆಟಿವ್ ಅನ್ನು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಪ್ರಿಂಟ್ ಹಾಕಿಸಿ, ಕಾಗದದ ಮೇಲಿಟ್ಟು ಗಾಜು ಮುಚ್ಚಿ ಬಿಸಿಲಿಗಿಡಬೇಕು. ನನಗೆ ಸುಮಾರು 15 ನಿಮಿಷ ಸಾಕಾಯಿತು. ಮೋಡವಿದ್ದರೆ ಹೆಚ್ಚು ಹೊತ್ತು ಬೇಕು. ನಂತರ ಹಳದಿ ಹೋಗುವವರೆಗೆ ನೀರಿನಲ್ಲಿ ತೊಳೆಯಬೇಕು. ಬೆಳಕು ತಾಗಿದ ಕಡೆ ನೀಲಿ ಉಳಿಯುತ್ತದೆ. ಕೈಗವಸು ಹಾಕಿಕೊಳ್ಳಿ, ಆಮ್ಲವನ್ನು ಹತ್ತಿರ ತರಬೇಡಿ, ರಸಾಯನಶಾಸ್ತ್ರದ ಉಪನ್ಯಾಸಕರ ಎದುರಿಗೇ ದ್ರಾವಣ ತಯಾರಿಸಿ.

ಆರರಲ್ಲಿ ಚೆನ್ನಾಗಿ ಬಂದದ್ದು ಖಾನಾಪುರದ ನನ್ನ ನಾನಿಯ ಮುಖ. ಚೌಕಟ್ಟು ಹಾಕಿಸಿ, ಕೆಳಗೆ ಚೀಟಿ ಅಂಟಿಸಿ, ಖುಷಿಯಿಂದ ತೋರಿಸಿದೆ. ಚೀಟಿಯಲ್ಲಿ ಏನು ಬರೆದಿದ್ದೀಯಾ ಎಂದರು.

“‘ಅಜ್ಜಿ, ಖಾನಾಪುರ’ ಅಂತ.”

“ನನಗೆ ಹೆಸರಿಲ್ಲವೇನು ಬೇಟಾ? ಗುರುತಿಲ್ಲದವರ ಮುಂದೆ ನನ್ನ ಮುಖ ತೂಗುಹಾಕುವ ಮೊದಲು ಒಂದು ಮಾತು ಕೇಳಬೇಡವೇ?”

ನನಗೆ ಉತ್ತರ ಹೊಳೆಯಲಿಲ್ಲ.

1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಕಡೆಯ ವಾಸ್ತುಶಿಲ್ಪದ ಬಗ್ಗೆ ಒಂದು ದೊಡ್ಡ ಪುಸ್ತಕ ಬಂತು. ಅದರಲ್ಲಿ ಮೊಟ್ಟೆಯ ಬಿಳಿಲೋಳೆ ಹಚ್ಚಿದ ಕಾಗದದ ಮೇಲೆ ಮುದ್ರಿಸಿದ ಫೋಟೊಗಳಿದ್ದವು. ಕಲ್ಲಿನ ಕಂಬಗಳನ್ನು ಯಾರೂ ಅನುಮತಿ ಕೇಳಬೇಕಾಗಿರಲಿಲ್ಲ. ಆದರೆ 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ದಲ್ಲಿದ್ದವರು ಮನುಷ್ಯರು. ಅಲ್ಲಿಯೂ ಹಲವು ಭಾವಚಿತ್ರಗಳ ಕೆಳಗೆ ಇರುವುದು ಜಾತಿಯ ಅಥವಾ ಬುಡಕಟ್ಟಿನ ಹೆಸರು ಮಾತ್ರ, ಕುಳಿತವರ ಹೆಸರಿಲ್ಲ. ನನ್ನ ಚೀಟಿಯೂ ಅಂಥದ್ದೇ ಆಗಿತ್ತು.

ಮುಖದ ಚಿತ್ರವನ್ನು ನಾನಿಗೇ ಕೊಟ್ಟೆ. ಅವರು ಒಪ್ಪಿದ್ದು ರೊಟ್ಟಿ ಬಡಿಯುವ ತಮ್ಮ ಕೈಗಳ ಚಿತ್ರಕ್ಕೆ. ಕೆಳಗೆ ಅವರ ಹೆಸರನ್ನು ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಬರೆದೆ. ಉಳಿದ ಐವರ ಮನೆಗೂ ಹೋಗಿ ಕೇಳಿದೆ. ಒಬ್ಬರು ಬೇಡವೆಂದರು, ಆ ಚಿತ್ರ ಹಾಕಲಿಲ್ಲ.

ಪ್ರದರ್ಶನ ಮಾಡುವವರಿಗೆ ಇನ್ನೊಂದು ಮಾತು: ನೇರ ಬಿಸಿಲು ಬೀಳುವ ಗೋಡೆ ಬೇಡ. ಬಿಸಿಲಿನಲ್ಲಿ ಹುಟ್ಟಿದ ಈ ನೀಲಿ ಬಿಸಿಲಿಗೇ ಮಾಸುತ್ತದೆ. ಸ್ವಲ್ಪ ಮಾಸಿದ್ದರೆ ಕತ್ತಲೆಯಲ್ಲಿಟ್ಟಾಗ ಬಹುಮಟ್ಟಿಗೆ ಮರಳುತ್ತದೆ.

ಲೆಕ್ಕಶಾಸ್ತ್ರದಲ್ಲಿ ನಾವು ಓದುತ್ತೇವೆ: ಮಾರಲು ನಮ್ಮ ಬಳಿ ಇಟ್ಟುಹೋದ ಪರರ ಸರಕು ನಮ್ಮ ಆಸ್ತಿಯಲ್ಲ. ಕಾಗದ, ರಾಸಾಯನಿಕ, ಚೌಕಟ್ಟು ನನ್ನವು. ಮುಖ ಅವರದು.